ಚಿತ್ರ ನೋಡದವರ ಓಟು, ಚಿತ್ರ ತೆಗೆದವನಿಗೆ ಏಟು!

ಎಂಟು ಗಂಟೆಯ ಬಸ್ಸು ಇನ್ನೂ ಬಂದಿಲ್ಲ. ಸ್ಟ್ಯಾಂಡಿನಲ್ಲಿ ನಿಂತವರ ಫೋನು ಟಿಣ್ ಅನ್ನುತ್ತೆ. ತೆಗೆದು ನೋಡಿದರೆ ದೂರದ ಸಂಬಂಧಿಯದೋ, ಹಳೇ ಕ್ಲಾಸ್‌ಮೇಟಿನದೋ, ಸೊಸೈಟಿ ಕಾರ್ಯದರ್ಶಿಯದೋ ಒಂದು ಸಂದೇಶ. ನಮ್ಮ ಹುಡುಗ ಫೋಟೋ ಸ್ಪರ್ಧೆಗೆ ನಿಂತಿದ್ದಾನೆ, ಲಿಂಕ್ ಒತ್ತಿ, ಲೈಕ್ ಕೊಡಿ, ಹತ್ತು ಜನಕ್ಕೆ ಕಳಿಸಿ ಅಂತ. ಬಸ್ಸು ಬರುವ ಮುಂಚೆ ಕೆಲಸ ಮುಗಿದಿರುತ್ತೆ. ಒತ್ತಿದವನು ಆ ಫೋಟೋವನ್ನು ನೆಟ್ಟಗೆ ನೋಡಿದನೇ? ಇಲ್ಲ. ಅದರ ಎದುರಿಗೆ ನಿಂತ ಬೇರೆ ನಲವತ್ತು ಫೋಟೋಗಳನ್ನು ನೋಡಿದನೇ? ಆ ಮಾತೇ ಬೇಡ.

ಹದಿನೈದು ದಿನ ಕಳೆದ ಮೇಲೆ ಸಭಾಭವನದಲ್ಲಿ ಹಾರ, ಶಾಲು, ಫಲಕ. "ಜನಮೆಚ್ಚಿದ ಛಾಯಾಗ್ರಾಹಕ" ಎಂಬ ಬಿರುದು. ಹಿಂದಿನ ಸಾಲಿನಲ್ಲಿ ಕೂತ ನಾಲ್ಕು ಮಂದಿ ಮುಖ ಗಂಟಿಕ್ಕಿಕೊಂಡು ಕಾರ್ಯಕ್ರಮ ಮುಗಿಯುವ ಮುಂಚೆಯೇ ಎದ್ದು ಹೋಗ್ತಾರೆ. ರಾತ್ರಿ ಹತ್ತಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಮಹಾಭಾರತ ಶುರು. ಬೆಳಗ್ಗೆ ಹೊತ್ತಿಗೆ ಒಬ್ಬನನ್ನು ಗ್ರೂಪಿನಿಂದ ತೆಗೆದಾಗಿರುತ್ತೆ, ಇಬ್ಬರು ತಾವಾಗಿಯೇ ಹೊರಗೆ, ಮೂರನೆಯವನು ಹೊಸ ಗ್ರೂಪು ತೆರೆದಾಗಿರುತ್ತೆ.

ಜಿಲ್ಲೆ ಯಾವುದಾದರೂ ಆಗಲಿ, ಕತೆ ಇದೇ. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ, ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹ, ದಸರಾ, ರಾಜ್ಯೋತ್ಸವ. ಹಬ್ಬ ಬಂತೆಂದರೆ ಫೋಟೋ ಸ್ಪರ್ಧೆ. ಫಲಕದ ಖರ್ಚು ಬಟ್ಟೆ ಅಂಗಡಿಯವರದು, ಬಹುಮಾನದ ದುಡ್ಡು ಆಭರಣದ ಅಂಗಡಿಯವರದು, ಬ್ಯಾನರು ಮೊಬೈಲ್ ಅಂಗಡಿಯವರದು. ಅಂದರೆ ದುಡ್ಡು ಪೇಟೆಯದು, ಓಟು ಬಸ್ ಸ್ಟ್ಯಾಂಡಿನದು, ಜಗಳ ಮಾತ್ರ ಫೋಟೋದವರದು.

*

ಹವ್ಯಾಸಿ ಛಾಯಾಗ್ರಹಣ ಈ ರಾಜ್ಯಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಭಾರತದ ಛಾಯಾಗ್ರಹಣ ಒಕ್ಕೂಟ 1953ರಲ್ಲಿ ಹುಟ್ಟಿತು. ಅಂತಾರಾಷ್ಟ್ರೀಯ ಒಕ್ಕೂಟ, 'ಫಿಯಾಪ್' ಎಂದು ಎಲ್ಲರೂ ಕರೆಯುವುದು, ಅದಕ್ಕೂ ಮೂರು ವರ್ಷ ಮುಂಚಿನದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಶುರುವಾಯಿತು, ಇಂದಿಗೂ ಇದೆ. ಸಿ. ರಾಜಗೋಪಾಲ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಇವರೆಲ್ಲ ಬೆಂಗಳೂರಿನಲ್ಲಿ ಕೂತು ಜಗತ್ತಿಗೆ ಚಿತ್ರ ಕಳಿಸಿದವರು. ಸಂಡೂರಿನ ಎಂ.ವೈ. ಘೋರ್ಪಡೆ ಅರ್ಥ ಸಚಿವರಾಗಿದ್ದವರು, ಕಾಡಿನ ಕಪ್ಪು ಬಿಳುಪು ಚಿತ್ರಗಳಿಗೂ ಅಷ್ಟೇ ಹೆಸರುವಾಸಿ. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಹಕ್ಕಿಯ ಹಿಂದೆ ಕ್ಯಾಮೆರಾ ಹಿಡಿದು ಎಷ್ಟು ತಿರುಗಿದರು ಎಂಬುದು ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ.

ಆ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ತೊಳೆಸಬೇಕು, ಪ್ರಿಂಟು ಹಾಕಿಸಬೇಕು, ರಟ್ಟಿನ ನಡುವೆ ಇಟ್ಟು ಅಂಚೆಗೆ ಹಾಕಬೇಕು. ಹಾಗೆ ಹೋದ ಚಿತ್ರ 'ಸಲಾನ್' ಎಂಬ ಸ್ಪರ್ಧೆಯಲ್ಲಿ ತೀರ್ಪುಗಾರರ ಮುಂದೆ ಬರುತ್ತಿತ್ತು. ಹೆಸರು ಹೇಳುವ ಹಾಗಿಲ್ಲ, ಊರು ಹೇಳುವ ಹಾಗಿಲ್ಲ. ಮೂವರು ತೀರ್ಪುಗಾರರು, ಮೂವರೂ ಬೇರೆ ಬೇರೆ ಅಂಕ ಕೊಡಬೇಕು, ಮೊತ್ತ ಕೂಡಿಸಬೇಕು, ಅಷ್ಟೇ. ಇವತ್ತೂ ಫಿಯಾಪ್ ಮನ್ನಣೆಯ ಸಲಾನುಗಳಲ್ಲಿ ಕಂಪ್ಯೂಟರ್ ಪರದೆಯ ಮೇಲೆ ನಡೆಯುವುದು ಇದೇ ಪದ್ಧತಿ.

ಆಗ ಜಗಳ ಇರಲಿಲ್ಲವೇ? ಇತ್ತು ಸ್ವಾಮಿ, ಧಾರಾಳವಾಗಿ ಇತ್ತು. ಆ ತೀರ್ಪುಗಾರನಿಗೆ ಕಣ್ಣಿಲ್ಲ, ಈ ತೀರ್ಪುಗಾರ ತನ್ನ ಶಿಷ್ಯನಿಗೆ ಕೊಟ್ಟ ಎಂಬ ಗೊಣಗು ಛಾಯಾಗ್ರಹಣದಷ್ಟೇ ಹಳೇದು. ಆದರೆ ಬೈಯಲು ಮೂರು ಮುಖ ಇತ್ತು. ಬೈದು ಕಾಫಿ ಕುಡಿದು ಮುಂದಿನ ತಿಂಗಳು ಮತ್ತೆ ಚಿತ್ರ ಹಿಡಿದುಕೊಂಡು ಬರುತ್ತಿದ್ದರು. ಈಗ ಓಟು ಹಾಕುವವರು ಗ್ರೂಪಿನ ಸದಸ್ಯರೇ. ಸೋತವನು ಬೈಯಬೇಕಾದದ್ದು ಪಕ್ಕದಲ್ಲಿ ಕೂತವನನ್ನು. ಇಲ್ಲೇ ಇರೋದು ವ್ಯತ್ಯಾಸ.

*

ಗ್ರೂಪಿನೊಳಗಿನ ಮಾಸಿಕ ಸ್ಪರ್ಧೆ ಹೇಗೆ ನಡೆಯುತ್ತೆ ನೋಡಿ. ಇಪ್ಪತ್ತು ಮೂವತ್ತು ಜನ ಸದಸ್ಯರು. ತಿಂಗಳಿಗೊಂದು ವಿಷಯ: ಮಳೆ, ಸಂತೆ, ಹಕ್ಕಿ, ಮುಖಭಾವ. ಎಲ್ಲರೂ ಚಿತ್ರ ಕಳಿಸುತ್ತಾರೆ, ಎಲ್ಲರೂ ಎಲ್ಲರಿಗೂ ಹತ್ತರಲ್ಲಿ ಅಂಕ ಕೊಡುತ್ತಾರೆ. ಹೆಸರು ಮುಚ್ಚಿಟ್ಟಿರುತ್ತೆ, ನಂಬರು ಮಾತ್ರ. ಕೇಳೋಕೆ ಪ್ರಾಮಾಣಿಕ ವ್ಯವಸ್ಥೆ.

ಆದರೆ ಮುಚ್ಚಿಟ್ಟ ಹೆಸರು ಯಾರಿಗೆ ಗೊತ್ತಿಲ್ಲ? ಭಾನುವಾರ ಎರಡು ಕಾರು ಮಾಡಿಕೊಂಡು ಕೆರೆಗೆ ಹೋದವರು ಇದೇ ಎಂಟು ಜನ. ಅದೇ ಕೊಂಬೆ, ಅದೇ ಮಿಂಚುಳ್ಳಿ, ಅದೇ ಬೆಳಕು. ಎಂಟು ಕ್ಯಾಮೆರಾ ಒಟ್ಟಿಗೆ ಟಕಟಕ ಅಂದದ್ದು. ಉದ್ದ ಲೆನ್ಸು ಇರೋದು ಡಾಕ್ಟರ ಹತ್ತಿರ ಮಾತ್ರ, ಹಾಗಾಗಿ ಹತ್ತಿರದ ಚಿತ್ರ ಅವರದೇ. ನೀಲಿ ಬಣ್ಣ ಜಾಸ್ತಿ ಮಾಡೋ ಚಟ ಬ್ಯಾಂಕಿನವರದು. ಓರೆಯಾಗಿ ತೆಗೆಯೋನು ಕಾಲೇಜು ಹುಡುಗ. ಹಸ್ತಾಕ್ಷರ ಗುರುತು ಹಿಡಿಯುವ ಹಾಗೆ ಚಿತ್ರವನ್ನೂ ಗುರುತು ಹಿಡಿಯಬಹುದು. ಅದೂ ಸಾಲದೆಂದು ಅರ್ಧ ಜನ ಆ ಚಿತ್ರವನ್ನು ಸೋಮವಾರವೇ ತಮ್ಮ ಸ್ಟೇಟಸ್‌ನಲ್ಲಿ ಹಾಕಿಕೊಂಡಿರುತ್ತಾರೆ.

ಹೀಗೆ ಗುರುತಾದ ಮೇಲೆ ಅಂಕ ಹಾಕುವ ಕೈ ಸುಮ್ಮನಿರುತ್ತದೆಯೇ? ಇಲ್ಲಿ ಮೋಸಗಾರರು ಅಂತ ಯಾರೂ ಇರಬೇಕಿಲ್ಲ. ಡಾಕ್ಟರು ಮೊನ್ನೆ ತಾಯಿಗೆ ಔಷಧಿ ಬರೆದುಕೊಟ್ಟಿದ್ದಾರೆ, ಆರು ಕೊಡುವ ಕಡೆ ಎಂಟು ಬೀಳುತ್ತೆ. ಗ್ರೂಪಿನ ಹಿರಿಯರು ಕ್ಯಾಮೆರಾ ಹಿಡಿಯೋದು ಕಲಿಸಿದವರು, ಅವರಿಗೆ ಐದು ಕೊಡಲು ಶಿಷ್ಯನ ಬೆರಳು ಬಾಗುವುದಿಲ್ಲ. ಹೊಸದಾಗಿ ಬಂದ ಹುಡುಗ ಯಾರಿಗೂ ಏನೂ ಅಲ್ಲ. ಅವನಿಗೆ ಸಿಗೋದು ಅವನ ಚಿತ್ರಕ್ಕೆ ಸಲ್ಲುವಷ್ಟೇ ಅಂಕ. ಎಲ್ಲರಿಗೂ ಒಂದೊಂದು ಅಂಕ ಹೆಚ್ಚಿಗೆ ಸಿಗುವ ಕಡೆ ಸಲ್ಲಬೇಕಾದಷ್ಟೇ ಸಿಕ್ಕಿದವನು ಸೋತ ಹಾಗೆಯೇ.

ರುಚಿಯ ಮಾತೂ ಇದೆ. ಒಂದೇ ಗ್ರೂಪಿನಲ್ಲಿ ನಾಲ್ಕು ವರ್ಷ ಇದ್ದವರಿಗೆ ಒಂದೇ ಥರದ ಚಿತ್ರ ಚೆಂದ ಕಾಣುತ್ತೆ. ಬಾಯಲ್ಲಿ ಮೀನು ಕಚ್ಚಿದ ಮಿಂಚುಳ್ಳಿ. ಮಂಜಿನೊಳಗೆ ಬಿಸಿಲಕೋಲು. ಮುಂಡಾಸು ಕಟ್ಟಿದ ಅಜ್ಜ, ಮುಖದ ತುಂಬ ಸುಕ್ಕು, ಬೀಡಿಯ ಹೊಗೆ. (ಆ ಅಜ್ಜನಿಗೆ ಫೋಟೋ ಒಂದು ಪ್ರತಿ ಕೊಟ್ಟವರು ಎಷ್ಟು ಜನ ಎಂದು ಯಾರಾದರೂ ವಿಚಾರಿಸಬೇಕು.) ತಾವೂ ತೆಗೆಯಬಹುದಾಗಿದ್ದ ಚಿತ್ರಕ್ಕೆ ಎಲ್ಲರೂ ಓಟು ಹಾಕುತ್ತಾರೆ. ಬಸ್ಸಿನ ಕಿಟಕಿ ಗಾಜಿಗೆ ತಲೆಯಿಟ್ಟು ಮಲಗಿದ ಕಂಡಕ್ಟರನ ಚಿತ್ರವನ್ನು ಯಾರೋ ಫೋನಿನಲ್ಲಿ ತೆಗೆದು ತಂದರೆ, ಇದೇನು ಶಾರ್ಪ್ ಇಲ್ಲವಲ್ಲ ಅಂತ ನಾಲ್ಕು ಅಂಕ.

*

ಇನ್ನು ಬೇಕೆಂದೇ ಮಾಡುವವರ ಲೆಕ್ಕ. ಅಂಗಡಿಯಲ್ಲಿ ತಕ್ಕಡಿ ಹಿಡಿಯುವವರಿಗೆ ಇದು ಬೇಗ ಅರ್ಥವಾಗುತ್ತೆ.

ಇಪ್ಪತ್ತು ಜನ ಅಂಕ ಕೊಡುವವರು ಎಂದು ಇಟ್ಟುಕೊಳ್ಳಿ. ಎರಡು ಒಳ್ಳೇ ಚಿತ್ರ ಇವೆ. ಮೊದಲನೆಯದು ಮೇಲು ಎಂದು 17 ಜನ ಒಪ್ಪುತ್ತಾರೆ. ಅದಕ್ಕೆ ತಲಾ 8, ಎರಡನೆಯದಕ್ಕೆ ತಲಾ 7 ಕೊಡುತ್ತಾರೆ. ಉಳಿದ ಮೂವರು ಎರಡನೆಯವನ ಗೆಳೆಯರು. ಅವರು ಅವನಿಗೆ ಹತ್ತಕ್ಕೆ ಹತ್ತು, ಎದುರಾಳಿಗೆ ಒಂದು. ಕೂಡಿಸಿ ನೋಡಿ. ಮೊದಲ ಚಿತ್ರಕ್ಕೆ 136 ಮತ್ತು 3, ಒಟ್ಟು 139. ಎರಡನೆಯದಕ್ಕೆ 119 ಮತ್ತು 30, ಒಟ್ಟು 149. ಹದಿನೇಳು ಜನರ ಅಭಿಪ್ರಾಯವನ್ನು ಮೂವರು ಜೇಬಿಗೆ ಹಾಕಿಕೊಂಡು ಹೋದರು! ಫಲಿತಾಂಶದ ಹಾಳೆಯಲ್ಲಿ ಹತ್ತು ಅಂಕದ ಅಂತರ ಬೇರೆ; ನೋಡಿದವರು 'ಕ್ಲಿಯರ್ ವಿನ್ನರ್' ಅಂತಾರೆ.

ಎದುರಾಳಿಗೆ ಸೊನ್ನೆ ಸುರಿಯುವ ಈ ವಿದ್ಯೆ ನಮ್ಮವರು ಕಂಡುಹಿಡಿದದ್ದಲ್ಲ. 1770ರಲ್ಲಿ ಫ್ರಾನ್ಸಿನ ಬೋರ್ದಾ ಎಂಬ ಗಣಿತಜ್ಞ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಪದ್ಧತಿ ಇಟ್ಟ. ಮತದಾರ ಒಬ್ಬನನ್ನೇ ಆರಿಸುವ ಬದಲು ಎಲ್ಲರನ್ನೂ ಒಂದು, ಎರಡು, ಮೂರು ಎಂದು ಸಾಲಾಗಿ ಬರೆಯಲಿ, ಸ್ಥಾನಕ್ಕೆ ತಕ್ಕ ಅಂಕ ಕೂಡಿಸೋಣ ಎಂದ. ಹಾಗಾದರೆ ಬಲವಾದ ಎದುರಾಳಿಯನ್ನು ಬೇಕೆಂದೇ ಕಟ್ಟಕಡೆಗೆ ಬರೆದುಬಿಡುತ್ತಾರಲ್ಲ ಎಂದು ಆಕ್ಷೇಪ ಬಂದಾಗ, ಈ ಪದ್ಧತಿ ಇರೋದು ಪ್ರಾಮಾಣಿಕರಿಗೆ ಮಾತ್ರ ಎಂದು ಆತ ಉತ್ತರ ಕೊಟ್ಟನಂತೆ. ಇನ್ನೂರೈವತ್ತು ವರ್ಷವಾದರೂ ಇದಕ್ಕಿಂತ ಮೇಲಾದ ಉತ್ತರ ಯಾವ ಫೋಟೋ ಗ್ರೂಪಿನ ಕಾರ್ಯದರ್ಶಿಯ ಬಳಿಯೂ ಇಲ್ಲ.

ಆಟದ ಲೋಕ ಮಾತ್ರ ಪೆಟ್ಟು ತಿಂದು ಕಲಿಯಿತು. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲಿನ ಜೋಡಿ ಸ್ಕೇಟಿಂಗ್‌ಗೆ ತೀರ್ಪು ಕೊಟ್ಟ ಫ್ರೆಂಚ್ ತೀರ್ಪುಗಾರ್ತಿಯ ಮೇಲೆ ಒತ್ತಡ ಇತ್ತೆಂದು ಗಲಾಟೆ ಎದ್ದು, ಕಡೆಗೆ ಕೆನಡಾದ ಜೋಡಿಗೂ ಚಿನ್ನ ಕೊಟ್ಟು ಎರಡು ಚಿನ್ನ ಮಾಡಬೇಕಾಯಿತು. ಅದಾದ ಮೇಲೆ, 2004ರಲ್ಲಿ, ಅಂಕ ಕೊಡುವ ಪದ್ಧತಿಯನ್ನೇ ಬದಲಿಸಿದರು. ಈಗ ಅತಿ ಹೆಚ್ಚಿನ ಅಂಕವನ್ನೂ ಅತಿ ಕಡಿಮೆ ಅಂಕವನ್ನೂ ಬದಿಗಿಟ್ಟು ಉಳಿದದ್ದರ ಸರಾಸರಿ ಹಿಡಿಯುತ್ತಾರೆ.

ಅದೇ ಕತ್ತರಿಯನ್ನು ಮೇಲಿನ ಲೆಕ್ಕಕ್ಕೆ ಹಾಕಿ. ಪ್ರತಿ ಚಿತ್ರಕ್ಕೂ ಮೇಲಿನ ಮೂರು, ಕೆಳಗಿನ ಮೂರು ಅಂಕ ತೆಗೆದುಬಿಡಿ. ಮೊದಲನೆಯದಕ್ಕೆ ಹದಿನಾಲ್ಕು ಎಂಟಲೆ 112. ಎರಡನೆಯದಕ್ಕೆ ಹದಿನಾಲ್ಕು ಏಳಲೆ 98. ನ್ಯಾಯ ವಾಪಸ್ಸು ಬಂತು. ಖರ್ಚು ಒಂದು ಪೆನ್ನು, ಒಂದು ಹಾಳೆ. ಹೀಗೆ ಮಾಡೋಣ ಎಂದು ಒಬ್ಬ ಸದಸ್ಯ ಎದ್ದು ನಿಂತು ಹೇಳಿದರೆ, "ಯಾರ ಮೇಲೆ ಅನುಮಾನ ನಿಂಗೆ? ಹೆಸರು ಹೇಳು" ಎಂದು ನಾಲ್ಕು ಜನ ಮೇಲೆ ಬೀಳುತ್ತಾರೆ. ಮೇಲೆ ಬಿದ್ದ ನಾಲ್ವರಲ್ಲಿ ಆ ಮೂವರು ಇರ್ತಾರೆ ಅನ್ನೋದು ಬೇರೆ ಮಾತು.

ಮೂವರ ಬದಲು ಏಳು ಜನ ಒಟ್ಟಾದರೆ ಈ ಕತ್ತರಿಯೂ ಮೊಂಡು. ಆಗ ಅದು ಸ್ಪರ್ಧೆಯಲ್ಲ, ಪಂಚಾಯ್ತಿ ಚುನಾವಣೆ.

*

ಅಂಕದ ಜಗಳಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಫಲಿತಾಂಶ ಬಂದ ಮೇಲೆ ಏಳುವ ದೂರು. ಈ ಹಕ್ಕಿ ನಿಜವಾಗಿ ಆ ಕೊಂಬೆ ಮೇಲೆ ಇರಲಿಲ್ಲ, ಅಂಟಿಸಿದ್ದು. ಈ ಚಂದ್ರ ಬೇರೆ ದಿನದ್ದು. ಈ ಹಾವನ್ನು ಹಿಡಿದು ತಂದು ಬಿಟ್ಟು ತೆಗೆದದ್ದು. ಈಗ ಹೊಸದು ಸೇರಿದೆ: ಇದು ಕ್ಯಾಮೆರಾದ್ದೇ ಅಲ್ಲ, ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ್ದು.

ದೂರು ನಿಜವಿರಬಹುದು, ಸುಳ್ಳಿರಬಹುದು. ಗ್ರೂಪಿನವರು ಏನು ಮಾಡುತ್ತಾರೆ? ಸಭೆ ಕರೆಯುತ್ತಾರೆ. ಚಹಾ ಬರುತ್ತೆ. ಎಲ್ಲರೂ ಮಾತಾಡುತ್ತಾರೆ. ಕೊನೆಗೆ, "ಸರಿ, ಕೈ ಎತ್ತಿ, ಬಹುಮತ ಏನನ್ನುತ್ತೋ ಹಾಗೆ." ಚಂದ್ರ ಅವತ್ತಿನದೋ ಅಲ್ಲವೋ ಎಂಬುದನ್ನು ಕೈ ಎತ್ತಿ ತೀರ್ಮಾನ ಮಾಡುವುದು! ಹನ್ನೊಂದು ಕೈ ಒಂದು ಕಡೆ, ಒಂಬತ್ತು ಕೈ ಇನ್ನೊಂದು ಕಡೆ. ಹನ್ನೊಂದು ಕೈ ಮೇಲೆದ್ದರೆ ಅಂಟಿಸಿದ ಚಂದ್ರ ಅಸಲಿಯಾಗುತ್ತಾನೆಯೇ?

ದೊಡ್ಡವರ ಮನೆಯಲ್ಲೂ ಇಂಥ ರಾಮಾಯಣ ಆಗಿದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ಬಂದದ್ದು ರಾತ್ರಿ ಹೊತ್ತು ಬೇಲಿಯ ಗೇಟು ಹಾರುವ ತೋಳದ ಚಿತ್ರಕ್ಕೆ. ತೆಗೆದವರು ಸ್ಪೇನಿನವರು. ತೋಳ ನೋಡಿ ಬೆರಗಾದ ಜನರ ನಡುವೆಯೇ, ಇದು ಮ್ಯಾಡ್ರಿಡ್ ಹತ್ತಿರದ ಪ್ರಾಣಿ ಉದ್ಯಾನದಲ್ಲಿ ಸಾಕಿದ ತೋಳ ಇದ್ದ ಹಾಗಿದೆಯಲ್ಲ ಎಂದು ಅನುಮಾನ ಎದ್ದಿತು. ಅನುಮಾನಪಟ್ಟವರಲ್ಲಿ ಅದೇ ದೇಶದ ಛಾಯಾಗ್ರಾಹಕರೂ ಇದ್ದರು. ಮ್ಯೂಸಿಯಂನವರು ತೀರ್ಪುಗಾರರನ್ನು ಮತ್ತೆ ಕೂರಿಸಿ, ಪರಿಣತರನ್ನು ಕೇಳಿ, 2010ರ ಜನವರಿಯಲ್ಲಿ ಆ ಬಹುಮಾನ ಕಿತ್ತುಹಾಕಿದರು. ತೆಗೆದವರು ಆರೋಪ ಒಪ್ಪಲಿಲ್ಲ. ಅದೇ ಸ್ಪರ್ಧೆಯಲ್ಲಿ 2017ರಲ್ಲಿ ಬ್ರೆಜಿಲ್‌ನ ಇನ್ನೊಂದು ಚಿತ್ರ: ಮಿನುಗುವ ಗೆದ್ದಲು ಹುತ್ತದ ಮುಂದೆ ಇರುವೆಭಕ್ಷಕ ಪ್ರಾಣಿ. ಆ ಪ್ರಾಣಿ ಅಲ್ಲಿನ ರಾಷ್ಟ್ರೀಯ ಉದ್ಯಾನದ ಪ್ರವಾಸಿ ಕೇಂದ್ರದಲ್ಲಿ ಇಟ್ಟಿರುವ ಹುಲ್ಲು ತುಂಬಿದ ಬೊಂಬೆಯಂತೆಯೇ ಇದೆ ಎಂದು ಯಾರೋ ತಿಳಿಸಿದರು. ಐವರು ವಿಜ್ಞಾನಿಗಳು ಒಬ್ಬರಿಗೊಬ್ಬರು ಮಾತಾಡದೆ ಬೇರೆ ಬೇರೆಯಾಗಿ ಎರಡನ್ನೂ ಹೋಲಿಸಿ ನೋಡಿದರು. ಕೂದಲಿನ ಗುರುತು, ನಿಂತ ಭಂಗಿ, ತಲೆಯ ಮೇಲಿನ ಜುಟ್ಟು ಎಲ್ಲ ಒಂದೇ. 2018ರ ಏಪ್ರಿಲ್‌ನಲ್ಲಿ ಅದೂ ರದ್ದು. ಅವರೂ ಒಪ್ಪಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಎರಡು ಸಲವೂ ಮ್ಯೂಸಿಯಂನವರು ಸದಸ್ಯರ ಕೈ ಎತ್ತಿಸಲಿಲ್ಲ. ಗೊತ್ತಿದ್ದವರನ್ನು ಕರೆದು ನೋಡಿಸಿದರು. ಕ್ಯಾಮೆರಾದಿಂದ ನೇರವಾಗಿ ಬಂದ ಮೂಲ ಫೈಲು ತೋರಿಸು ಎಂದು ಕೇಳುವ ನಿಯಮ ಅನೇಕ ದೊಡ್ಡ ಸ್ಪರ್ಧೆಗಳಲ್ಲಿ ಇದೆ. ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಆ ನಿಯಮ ಬರೆಯಲು ಅರ್ಧ ಸಾಲು ಸಾಕು. ಅದನ್ನು ಬಹುಮಾನ ಘೋಷಿಸುವ ಮುಂಚೆಯೇ, ಕಡೆಯ ಸುತ್ತಿಗೆ ಬಂದ ಹತ್ತು ಜನರ ಬಳಿಯೂ ಕೇಳಿದರೆ ಯಾರಿಗೂ ಅವಮಾನವಿಲ್ಲ. ಗೆದ್ದ ಮೇಲೆ ಒಬ್ಬನ ಬಳಿ ಕೇಳಿದರೆ ಅದು ಕಳ್ಳನ ಜೇಬು ತಡಕಿದ ಹಾಗೆ. ಆ ಒಬ್ಬ ಪ್ರಾಮಾಣಿಕನಾಗಿದ್ದರೆ ಆಮೇಲೆ ಆ ಗ್ರೂಪಿನ ಬಾಗಿಲಿಗೂ ಬರೋಲ್ಲ.

ಓಟಿನ ಆಸೆಗೆ ಬಲಿಯಾಗುವುದು ಬರೀ ಸ್ನೇಹವಲ್ಲ. ಗೂಡಿನಲ್ಲಿ ಮರಿಗೆ ಗುಟುಕು ಕೊಡುವ ಹಕ್ಕಿಯ ಚಿತ್ರಕ್ಕೆ ಲೈಕು ಜಾಸ್ತಿ. ಆ ಚಿತ್ರಕ್ಕಾಗಿ ಅಡ್ಡ ಬಂದ ಕೊಂಬೆ ಕಡಿದರೆ ನೆರಳು ಹೋಗುತ್ತೆ, ಮರಿ ಬಿಸಿಲಿಗೆ ಬೀಳುತ್ತೆ, ಕಾಗೆಗೆ ದಾರಿ ಕಾಣುತ್ತೆ. ಇದಕ್ಕೇ ಅನೇಕ ಕಡೆ ಗೂಡಿನ ಚಿತ್ರವನ್ನೇ ಸ್ಪರ್ಧೆಗೆ ತೆಗೆದುಕೊಳ್ಳುವುದಿಲ್ಲ. ಲಿಂಕ್ ಒತ್ತಿದ ಬಸ್ ಸ್ಟ್ಯಾಂಡಿನ ಮನುಷ್ಯನಿಗೆ ಇದು ಗೊತ್ತಿರುವುದು ಹೇಗೆ? ಅವನ ತಪ್ಪಿಲ್ಲ. ಗೊತ್ತಿದ್ದೂ ಆ ಚಿತ್ರವನ್ನು ಓಟಿಗೆ ಬಿಟ್ಟವರ ತಪ್ಪು.

*

ಹಾಗಾದರೆ ಜನರ ಓಟೇ ಬೇಡವೇ? ಪ್ರಜಾಪ್ರಭುತ್ವದಲ್ಲಿ ಇದೇನು ದೊರೆತನ ಎಂದು ಕೇಳುವವರಿದ್ದಾರೆ. ಕೇಳಲಿ. ಜನರ ಕಣ್ಣು ಚುರುಕು ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 2016ರ ಜನವರಿಯಲ್ಲಿ ನಿಕಾನ್ ಕಂಪನಿಯ ಸಿಂಗಪುರ ಶಾಖೆ ಒಂದು ಸಣ್ಣ ಸ್ಪರ್ಧೆ ಇಟ್ಟಿತ್ತು. ಏಣಿಯ ಮೆಟ್ಟಿಲುಗಳ ನಡುವೆ ಸರಿಯಾಗಿ ಸಿಕ್ಕಿಕೊಂಡ ಹಾಗೆ ವಿಮಾನ ಹಾರುವ ಚಿತ್ರಕ್ಕೆ ಬಹುಮಾನ ಬಂತು. ನೋಡಿದ ಜನ ಒಂದೇ ಏಟಿಗೆ, ವಿಮಾನ ಅಂಟಿಸಿದ್ದು ಕಣ್ರೀ ಎಂದರು. ಚಿತ್ರವನ್ನು ಹಿಗ್ಗಿಸಿ ವಿಮಾನದ ಸುತ್ತ ಇದ್ದ ಚೌಕವನ್ನು ತೋರಿಸಿದರು. ಕಂಪನಿ ತಪ್ಪೊಪ್ಪಿಕೊಂಡಿತು. ತೀರ್ಪುಗಾರರಿಗೆ ಕಾಣದ್ದು ಜನರಿಗೆ ಕಂಡಿತು.

2024ರ ಕತೆ ಇನ್ನೂ ಮಜವಾಗಿದೆ. '1839' ಎಂಬ ಹೆಸರಿನ ಪ್ರಶಸ್ತಿಯ ಸ್ಪರ್ಧೆಯಲ್ಲಿ ಕೃತಕ ಬುದ್ಧಿಮತ್ತೆಯ ಚಿತ್ರಗಳಿಗೇ ಒಂದು ವಿಭಾಗ. ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಅದಕ್ಕೆ ತಾನು ಕ್ಯಾಮೆರಾದಲ್ಲಿ ತೆಗೆದ ಅಸಲಿ ಚಿತ್ರ ಕಳಿಸಿದ. ಹೊಟ್ಟೆ ತುರಿಸಿಕೊಳ್ಳಲು ತಲೆ ಬಗ್ಗಿಸಿದ ರಾಜಹಂಸ. ತಲೆಯೇ ಇಲ್ಲದ ಹಾಗೆ ಕಾಣುತ್ತೆ. ತೀರ್ಪುಗಾರರು ಮೂರನೇ ಬಹುಮಾನ ಕೊಟ್ಟರು, ಜನರ ಓಟಿನ ಬಹುಮಾನವೂ ಅದಕ್ಕೇ ಬಂತು. ಆಮೇಲೆ ಆತ ಗುಟ್ಟು ಬಿಟ್ಟ, ಅನರ್ಹನಾದ. ಅಲ್ಲಿ ತೀರ್ಪುಗಾರರೂ ಬಿದ್ದರು, ಜನರೂ ಬಿದ್ದರು. ಯಂತ್ರ ಮಾಡಿದ್ದು ಯಾವುದು, ಕಣ್ಣಾರೆ ಕಂಡದ್ದು ಯಾವುದು ಎಂದು ಬರೀ ನೋಡಿ ಹೇಳುವ ಕಾಲ ಮುಗಿಯಿತು ಎಂದೇ ಅರ್ಥ. ಮೂಲ ಫೈಲು ಕೇಳದೆ ಗತಿಯಿಲ್ಲ.

ಜನರ ಓಟಿಗೆ ಅದರದೇ ಜಾಗ ಕೊಡಬಹುದು. ಮೇಲೆ ಹೇಳಿದ ಲಂಡನ್ ಮ್ಯೂಸಿಯಂನವರು ಹಾಗೇ ಮಾಡಿದ್ದಾರೆ. ಮುಖ್ಯ ಬಹುಮಾನ ತೀರ್ಪುಗಾರರದು. ಅದಕ್ಕೆ ಸಂಬಂಧವಿಲ್ಲದೆ, ಮೊದಲೇ ಸೋಸಿ ತೆಗೆದ ಇಪ್ಪತ್ತೈದು ಚಿತ್ರಗಳನ್ನು ಜನರ ಮುಂದಿಟ್ಟು ಬೇರೆಯದೇ ಒಂದು ಬಹುಮಾನ. 2024ರ ಫೆಬ್ರವರಿಯಲ್ಲಿ ಹಿಮಗಡ್ಡೆಯ ಮೇಲೆ ತಾನೇ ಕೆರೆದು ಹಾಸಿಗೆ ಮಾಡಿಕೊಂಡು ಮಲಗಿದ ಹಿಮಕರಡಿಯ ಚಿತ್ರ ಆ ಬಹುಮಾನ ಗೆದ್ದಾಗ ಬಿದ್ದ ಒಟ್ಟು ಓಟು 75 ಸಾವಿರ. ಅಷ್ಟು ಜನರ ನಡುವೆ ಒಬ್ಬನ ಮಾವ, ಭಾವ, ವಾಟ್ಸಾಪ್ ಬಳಗ ಏನು ಲೆಕ್ಕ? ಜಿಲ್ಲೆಯ ಸ್ಪರ್ಧೆಯಲ್ಲಿ ಬೀಳುವುದು ಮುನ್ನೂರು ಲೈಕು. ಅದರಲ್ಲಿ ಮಾವನ ಮನೆಯವರದೇ ನಲವತ್ತು.

ಲೈಕು ದುಡ್ಡಿಗೂ ಸಿಗುತ್ತೆ ಎಂಬುದು ಮೊಬೈಲ್ ಅಂಗಡಿಯ ಹುಡುಗನಿಗೂ ಗೊತ್ತು. ಸಂಘಟಕರಿಗೆ ಗೊತ್ತಿಲ್ಲವೇ? ಗೊತ್ತು. ಆದರೆ ಪ್ರತಿ ಲೈಕಿನ ಜೊತೆ ಅವರ ಪುಟಕ್ಕೆ, ಪ್ರಾಯೋಜಕರ ಹೆಸರಿಗೆ ಒಬ್ಬ ಹೊಸ ಮನುಷ್ಯ ಬರುತ್ತಾನೆ. ಇಡೀ ಸ್ಪರ್ಧೆ ನಡೆಯುವುದೇ ಅದಕ್ಕೆ ಎಂದಾದರೆ ಅದನ್ನು ಜಾಹೀರಾತು ಎನ್ನಲಿ, ಸ್ಪರ್ಧೆ ಎನ್ನುವುದು ಬೇಡ. ಕೆಲವು ಕಡೆ ಸಣ್ಣ ಅಕ್ಷರದಲ್ಲಿ ಇನ್ನೊಂದು ನಿಯಮ ಇರುತ್ತೆ: ಬಂದ ಚಿತ್ರಗಳೆಲ್ಲ ಸಂಘಟಕರ ಸ್ವತ್ತು. ಮುಂದಿನ ವರ್ಷದ ಕ್ಯಾಲೆಂಡರಿಗೆ ಹನ್ನೆರಡು ಚಿತ್ರ ಪುಕ್ಕಟೆ! 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ತನ್ನ ಹವ್ಯಾಸಕ್ಕೆ ತೆಗೆದ ಚಿತ್ರದ ಹಕ್ಕು ತೆಗೆದವನದು. ಐನೂರು ರೂಪಾಯಿ ಪ್ರವೇಶ ಶುಲ್ಕ ಕಟ್ಟಿ ಆ ಹಕ್ಕನ್ನೂ ಬರೆದುಕೊಟ್ಟು ಬರುವವರಿಗೆ ಏನು ಹೇಳುವುದು?

*

ಇಷ್ಟೆಲ್ಲ ಒಂದು ಫಲಕಕ್ಕಾಗಿ ಏಕೆ, ದೇಶದ ಸಮಸ್ಯೆ ಬೇರೆ ಇಲ್ಲವೇ ಎನ್ನುವವರು ಒಂದು ಸಂಗತಿ ನೋಡಬೇಕು. ಈ ಗ್ರೂಪುಗಳು ಊರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಬಿದ್ದುಹೋದ ಹಳೇ ಛತ್ರ, ಮುಚ್ಚಿಹೋದ ಕೆರೆ, ನಿಂತುಹೋದ ಸಂತೆ ಇವುಗಳ ಚಿತ್ರ ಈಗ ಎಲ್ಲಾದರೂ ಉಳಿದಿದ್ದರೆ ಇಂಥ ಹವ್ಯಾಸಿಗಳ ಹತ್ತಿರ. ಡಾಕ್ಟರು, ಮೇಷ್ಟ್ರು, ಗ್ಯಾರೇಜಿನವನು, ಕಾಲೇಜು ಹುಡುಗಿ ಒಂದೇ ಬೆಂಚಿನ ಮೇಲೆ ಕೂತು ಒಂದೇ ವಿಷಯ ಮಾತಾಡುವ ಜಾಗ ಊರಿನಲ್ಲಿ ಬೇರೆ ಎಷ್ಟಿದೆ? ಒಂದು ಕೆಟ್ಟ ಓಟಿನಿಂದ ಆ ಬೆಂಚು ಎರಡಾಗುತ್ತೆ. ಎರಡಾದ ಮೇಲೆ ಎರಡು ಸಂಘ, ಎರಡು ಬ್ಯಾನರು, ಎರಡು ಉದ್ಘಾಟನೆ. ಅಂಗಡಿಯವರ ಮುಂದೆ ಎರಡು ರಸೀತಿ ಪುಸ್ತಕ.

ಮತ್ತೆ, ಓಟಿನಲ್ಲಿ ಸೋತು ಜಗಳ ಆಡುವವನು ಹೇಗೋ ಉಳಿದುಕೊಳ್ಳುತ್ತಾನೆ, ಮುಂದಿನ ಸಲ ಅವನೂ ನಾಲ್ಕು ಜನರನ್ನು ಕಟ್ಟಿಕೊಂಡು ಬರುತ್ತಾನೆ. ಸದ್ದಿಲ್ಲದೆ ಹೋಗುವವರು ಬೇರೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ, ಕೈಲಿ ಸಾಧಾರಣ ಫೋನು, ಅದರಲ್ಲಿ ಎಪ್ಪತ್ತು ಜನರ ನಂಬರು. ಅವಳು ತನ್ನ ಅಜ್ಜಿಯ ಕೈಯನ್ನು ಯಾರೂ ತೆಗೆಯದ ಹಾಗೆ ತೆಗೆದಿರಬಹುದು. ಲೈಕು ಬಿದ್ದದ್ದು ಇಪ್ಪತ್ತೆರಡು. ತೀರ್ಪುಗಾರರು ಇದ್ದಿದ್ದರೆ ಗೆಲ್ಲುತ್ತಿದ್ದಳೋ ಇಲ್ಲವೋ, ಅದು ಬೇರೆ. ಯಾರಾದರೂ ಆ ಚಿತ್ರವನ್ನು ಎರಡು ನಿಮಿಷ ನೋಡುತ್ತಿದ್ದರು. ಇದರಲ್ಲಿ ಇದು ಸರಿಯಾಗಿದೆ, ಇಲ್ಲಿ ಬೆಳಕು ಹೆಚ್ಚಾಯಿತು ಎಂದು ಒಂದು ಮಾತು ಹೇಳುತ್ತಿದ್ದರು. ಇಪ್ಪತ್ತೆರಡು ಎಂಬ ಸಂಖ್ಯೆ ಅವಳಿಗೆ ಏನನ್ನೂ ಹೇಳುವುದಿಲ್ಲ.

ಸಂಘಟಕರು ಏನೇನೋ ನೆಪ ಹೇಳುತ್ತಾರೆ. ತೀರ್ಪುಗಾರರನ್ನು ಕರೆಸಲು ದುಡ್ಡಿಲ್ಲ ಎಂಬುದು ಮೊದಲನೇ ನೆಪ. ಪಕ್ಕದ ಜಿಲ್ಲೆಯಿಂದ ಮೂವರಿಗೆ ಬಸ್ ಚಾರ್ಜು, ಊಟ. ಸಭಾಂಗಣದ ಹೂವಿನ ಅಲಂಕಾರಕ್ಕಿಂತ ಕಡಿಮೆಯಾಗುತ್ತೆ. ಅದೂ ಬೇಡ, ಚಿತ್ರ ಈಗ ಫೋನಿನಲ್ಲೇ ಹೋಗುತ್ತೆ, ಕೂತಲ್ಲೇ ಅಂಕ ಕಳಿಸಬಹುದು. ಊರಿನವರಲ್ಲದಿದ್ದರೆ ಸಾಕು, ಡಾಕ್ಟರ ಲೆನ್ಸು ಯಾವುದು ಎಂದು ಗೊತ್ತಿಲ್ಲದಿದ್ದರೆ ಸಾಕು. ಮೂವರ ಅಂಕವನ್ನೂ ಬಿಡಿಬಿಡಿಯಾಗಿ ಸಭಾಂಗಣದ ಗೋಡೆಗೆ ಅಂಟಿಸಲಿ. ಜನರಿಗೆ ಓಟು ಕೊಡಲೇಬೇಕೆಂದರೆ ಪ್ರದರ್ಶನದ ಬಾಗಿಲಲ್ಲಿ ಒಂದು ಡಬ್ಬ ಇಟ್ಟು, ಒಳಗೆ ಹೋಗಿ ಎಲ್ಲ ಚಿತ್ರ ನೋಡಿ ಬಂದವರ ಕೈಗೆ ಒಂದು ಚೀಟಿ ಕೊಡಲಿ. ಅದಕ್ಕೆ ಬೇರೆ ಬಹುಮಾನ ಇರಲಿ, ಬೇರೆ ಹೆಸರು ಇರಲಿ.

ರಾಜ್ಯೋತ್ಸವದ ಸ್ಪರ್ಧೆಗೆ ಫಲಕ ಕೇಳಲು ಸಂಘದವರು ರಸೀತಿ ಪುಸ್ತಕ ಹಿಡಿದು ಅಂಗಡಿ ಮೆಟ್ಟಿಲು ಹತ್ತುತ್ತಾರೆ. ಫಲಕ ಕೊಡುವ ಮಾಲೀಕರಿಗೆ ಕೇಳುವ ಹಕ್ಕಿದೆ. ತೀರ್ಪು ಯಾರದು, ಅವರು ಯಾವ ಊರಿನವರು? ಮೂಲ ಫೈಲು ನೋಡುವವರು ಯಾರು, ಬಹುಮಾನಕ್ಕೆ ಮುಂಚೆಯೋ ಆಮೇಲೋ? ಸಂಘದ ಪದಾಧಿಕಾರಿಗಳೇ ಸ್ಪರ್ಧೆಯಲ್ಲಿ ಇದ್ದಾರೆಯೇ? ಕೊನೆಯ ಪ್ರಶ್ನೆಗೆ ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ರಸೀತಿ ಬರೆಸುವುದನ್ನು ಒಂದು ವಾರ ಮುಂದಕ್ಕೆ ಹಾಕಿದರೂ ವ್ಯಾಪಾರಕ್ಕೇನೂ ನಷ್ಟವಿಲ್ಲ.